ಬೆಟ್ಟಕ್ಕೆ ಬೆಂಕಿ ಬೀಳುವ ಮುಂಚೆ ಕಲಿಯಬೇಕಾದ್ದು

ಪ್ರಶ್ನೆ: ನಮ್ಮೂರು ಸಿದ್ದರಬೆಟ್ಟದ ಹತ್ತಿರ. ಶಿವರಾತ್ರಿ ಆಸುಪಾಸಿನಲ್ಲಿ ಎಲ್ಲಾದರೂ ಬೆಂಕಿ ಬಿದ್ದೇ ಬೀಳುತ್ತದೆ. ಹೋದ ಸಲ ನಾವು ಹುಡುಗರೆಲ್ಲ ಸೊಪ್ಪು ಮುರಿದುಕೊಂಡು ಓಡಿದೆವು. ಒಬ್ಬನ ಪ್ಯಾಂಟ್ ಕರಗಿ ಕಾಲಿಗೆ ಅಂಟಿಕೊಂಡಿತು. ಈ ಸಲ ಅರಣ್ಯ ಇಲಾಖೆಯ ಫೈರ್ ವಾಚರ್ (ಬೆಂಕಿ ಕಾವಲುಗಾರ) ಕೆಲಸಕ್ಕೆ ಸೇರೋಣ ಅಂತಿದ್ದೇವೆ. ತರಬೇತಿ ಬೇಕಾ, ಧೈರ್ಯ ಇದ್ದರೆ ಸಾಕಾ ಸರ್?
– ಓದುಗರೊಬ್ಬರು, ಕೊರಟಗೆರೆ ತಾಲ್ಲೂಕು

ಉತ್ತರ: ಧೈರ್ಯ ಸಾಲದು, ತರಬೇತಿ ಬೇಕೇ ಬೇಕು. ನಿಮ್ಮ ಗೆಳೆಯನ ಗಾಯ ವಾಸಿಯಾಗಿದೆ ಅಂದುಕೊಂಡಿದ್ದೇನೆ. ಪಾಲಿಯೆಸ್ಟರ್, ನೈಲಾನ್ ಬಟ್ಟೆ ಬಿಸಿಗೆ ಕರಗಿ ಚರ್ಮಕ್ಕೆ ಹತ್ತಿಕೊಳ್ಳುತ್ತದೆ. ದಪ್ಪ ಹತ್ತಿ ಬಟ್ಟೆಯ ತುಂಬುತೋಳಿನ ಅಂಗಿ, ಹತ್ತಿ ಪ್ಯಾಂಟ್, ಶೂ ಇಲ್ಲದೆ ಯಾರೂ ಬೆಂಕಿಯ ಹತ್ತಿರ ಹೋಗಬಾರದು.

ಎರಡನೆಯದು ಇಳಿಜಾರು. ಬೆಂಕಿ ಮೇಲಕ್ಕೆ ಓಡುತ್ತದೆ, ಯಾಕೆಂದರೆ ಕೆಳಗಿನ ಉರಿ ಮೇಲಿನ ಹುಲ್ಲನ್ನು ಮೊದಲೇ ಕಾಯಿಸಿ ಇಟ್ಟಿರುತ್ತದೆ. ಇಳಿಜಾರು 10 ಡಿಗ್ರಿ ಜಾಸ್ತಿಯಾದರೆ ಬೆಂಕಿಯ ವೇಗ ಹೆಚ್ಚುಕಮ್ಮಿ ಎರಡರಷ್ಟಾಗುತ್ತದೆ ಅನ್ನುವುದು ಈ ಕೆಲಸದವರ ಲೆಕ್ಕ. 2018ರ ಮಾರ್ಚ್‌ನಲ್ಲಿ ತಮಿಳುನಾಡಿನ ಕುರಂಗಣಿ ಬೆಟ್ಟದಲ್ಲಿ ಚಾರಣಕ್ಕೆ ಹೋಗಿದ್ದ 20ಕ್ಕೂ ಹೆಚ್ಚು ಜನ ಕಾಡ್ಗಿಚ್ಚಿಗೆ ಸಿಕ್ಕಿ ಸತ್ತರು. ಅದನ್ನು ಮರೆಯಬೇಡಿ. ಉರಿಯುವ ಬೆಂಕಿಯ ಮೇಲ್ಗಡೆ ಯಾವತ್ತೂ ನಿಲ್ಲಬೇಡಿ. ನಿಮ್ಮ ಕಡೆ ಬಂಡೆಗಳ ನಡುವೆ ಕೊರಕಲುಗಳಿವೆಯಲ್ಲ, ಅವು ಹೊಗೆಗೂಡಿನ ಥರ ಉರಿಯನ್ನು ಮೇಲಕ್ಕೆ ಎಳೆಯುತ್ತವೆ, ಅಲ್ಲಿಗಂತೂ ಕಾಲಿಡಲೇಬೇಡಿ. ಕೆಲಸ ಶುರು ಮಾಡುವ ಮುಂಚೆ ತಪ್ಪಿಸಿಕೊಳ್ಳುವ ದಾರಿ ನೋಡಿಟ್ಟುಕೊಳ್ಳಿ: ದೊಡ್ಡ ಬೋಳುಬಂಡೆ, ಇಲ್ಲವೇ ಆಗಲೇ ಸುಟ್ಟು ಆರಿರುವ ಕರಿ ನೆಲ.

ನಿಜವಾದ ಕೆಲಸ ಇರುವುದು ಬೆಂಕಿ ಬೀಳುವ ಮುಂಚೆ. ಡಿಸೆಂಬರ್, ಜನವರಿಯಲ್ಲಿ ಬೆಂಕಿ ರೇಖೆ, ಅಂದರೆ ಬೆಂಕಿ ದಾಟದ ಹಾಗೆ ತಡೆಯುವ ಬೋಳು ನೆಲದ ಪಟ್ಟಿ, ಸವರಬೇಕು. ಹುಲ್ಲು, ತರಗು, ಲಂಟಾನ ತೆಗೆದು ಮಣ್ಣು ಕಾಣಬೇಕು. ರೇಖೆಯ ಎರಡೂ ತುದಿ ರಸ್ತೆಗೋ ಬಂಡೆಗೋ ಸೇರಬೇಕು, ಮಧ್ಯದಲ್ಲಿ ಬಿಟ್ಟರೆ ಬೆಂಕಿ ಸುತ್ತಿ ಬರುತ್ತದೆ. ಆರಿದ ಮೇಲೂ ಮುಗಿಯಲಿಲ್ಲ. ಒಣ ಬೊಡ್ಡೆಗಳು ಒಳಗೊಳಗೇ ಹೊಗೆಯಾಡುತ್ತಿರುತ್ತವೆ, ಮಾರನೇ ದಿನ ಮಧ್ಯಾಹ್ನ ಗಾಳಿ ಬೀಸಿದಾಗ ಮತ್ತೆ ಹತ್ತಿಕೊಳ್ಳುತ್ತವೆ. ಅಂಗೈ ತಾಗಿಸಬೇಡಿ, ಕೈಯ ಹಿಂಬದಿಯನ್ನು ಹತ್ತಿರ ಒಯ್ದು ಬಿಸಿ ನೋಡಿ, ಬಿಸಿ ಇದ್ದರೆ ಬಗೆದು ಮಣ್ಣು ಮುಚ್ಚಿ.

ಡಿಸೆಂಬರ್‌ನಲ್ಲೇ ವಲಯ ಅರಣ್ಯಾಧಿಕಾರಿ ಕಚೇರಿಗೆ ಹೋಗಿ ಹೆಸರು ಕೊಡಿ, ಊರಲ್ಲಿ ಗ್ರಾಮ ಅರಣ್ಯ ಸಮಿತಿ ಇದ್ದರೆ ಅವರನ್ನೂ ಕರೆದುಕೊಂಡು ಹೋಗಿ. ತರಬೇತಿಯ ದಿನಕ್ಕೂ ಕೂಲಿ ಕೊಡಿ, ವಿಮೆ ಮಾಡಿಸಿ ಅಂತ ಬಾಯಿಬಿಟ್ಟು ಕೇಳಿ. ಪ್ರಾಣ ಪಣಕ್ಕಿಡುವ ಹುಡುಗರನ್ನು ಬೇಸಿಗೆಗೆ ಕರೆದು ಆಮೇಲೆ ಮರೆಯುವುದು ನನಗಂತೂ ಒಪ್ಪಲು ಆಗುವುದಿಲ್ಲ. ಸೌದೆಗೆ ಹೋಗುವ ಹೆಂಗಸರನ್ನೂ ತರಬೇತಿಗೆ ಕರೆಯಲು ಹೇಳಿ. ಎಲ್ಲಿ ತರಗು ಗುಡ್ಡೆಯಾಗಿದೆ, ಯಾವ ಕಾಲುದಾರಿ ಮುಚ್ಚಿಹೋಗಿದೆ ಅಂತ ಅವರಷ್ಟು ಬಲ್ಲವರು ಯಾರಿದ್ದಾರೆ?

ಪ್ರಶ್ನೆ: ನಾವು ಕುರಿ ಸಾಕುವವರು. ಬೆಂಕಿ ಹಾಕಿದರೆ ಒಳ್ಳೆ ಹುಲ್ಲು ಬರುತ್ತದೆ ಅಂತ ನಮ್ಮ ತಾತ ಹೇಳುತ್ತಿದ್ದರು. ಸುಳ್ಳಾ?
– ಓದುಗರೊಬ್ಬರು, ಶಿರಾ ತಾಲ್ಲೂಕು

ಉತ್ತರ: ಪೂರ್ತಿ ಸುಳ್ಳಲ್ಲ. ಒಣಗಿದ ಹುಲ್ಲು ಸುಟ್ಟ ಜಾಗದಲ್ಲಿ ಎಳೆ ಚಿಗುರು ಬರುತ್ತದೆ, ಕುರಿಗಳಿಗೂ ಅದು ಇಷ್ಟ. ಆದರೆ ವರ್ಷ ವರ್ಷ ಸುಟ್ಟರೆ ಮರದ ಸಸಿಗಳು ಬೆಳೆಯುವುದೇ ಇಲ್ಲ, ಬರಿ ನೆಲದ ಮೇಲೆ ಮುಂಗಾರಿನ ಮೊದಲ ಮಳೆ ಬಿದ್ದು ಮೇಲ್ಮಣ್ಣು ಕೊಚ್ಚಿಹೋಗುತ್ತದೆ. ಲಂಟಾನ ಮಾತ್ರ ಬುಡದಿಂದ ಮತ್ತೆ ಚಿಗುರುತ್ತದೆ. ಅದನ್ನು ನಿಮ್ಮ ಕುರಿ ತಿನ್ನುವ ಹಾಗಿಲ್ಲ, ಅದರ ಎಲೆ ವಿಷ. ಮೀಸಲು ಅರಣ್ಯಕ್ಕೆ ಬೆಂಕಿ ಹಾಕುವುದು 1963ರ ಕರ್ನಾಟಕ ಅರಣ್ಯ ಕಾಯ್ದೆಯಲ್ಲಿ ಅಪರಾಧ ಕೂಡ. ಇಲಾಖೆಯ ಒಪ್ಪಿಗೆ ಪಡೆದು ಹುಲ್ಲು ಪೂರ್ತಿ ಒಣಗುವ ಮುಂಚೆ ಕೊಯ್ದು ಬಣವೆ ಹಾಕಿಕೊಳ್ಳಿ. ನಿಮಗೆ ಮೇವಾಯಿತು, ಬೆಂಕಿಗೆ ಮೇವು ತಪ್ಪಿತು.

ಪ್ರಶ್ನೆ: ಉಪಗ್ರಹದಿಂದ ಬೆಂಕಿಯ ಮೆಸೇಜ್ ಬರುತ್ತದಂತೆ, ನಮಗೂ ಸಿಗುತ್ತದಾ?
– ಓದುಗರೊಬ್ಬರು, ಮಧುಗಿರಿ

ಉತ್ತರ: ಸಿಗುತ್ತದೆ. ಡೆಹ್ರಾಡೂನಿನ ಭಾರತೀಯ ಅರಣ್ಯ ಸರ್ವೇಕ್ಷಣಾ ಸಂಸ್ಥೆಯ ವೆಬ್‌ಸೈಟಿನಲ್ಲಿ ಯಾರು ಬೇಕಾದರೂ ಹೆಸರು ನೋಂದಾಯಿಸಬಹುದು. ಆದರೆ ಉಪಗ್ರಹ ನಿಮ್ಮ ತಲೆ ಮೇಲೆ ಬರುವುದು ದಿನಕ್ಕೆ ಕೆಲವೇ ಸಲ, ಅದರ ಒಂದು ಚುಕ್ಕೆ ಅಂದರೆ ನೆಲದಲ್ಲಿ ಸುಮಾರು 375 ಮೀಟರ್ ಅಗಲದ ಜಾಗ. ಸಣ್ಣ ಬೆಂಕಿ ತಪ್ಪಿಹೋಗಬಹುದು. ಹೊಗೆ ಕಣ್ಣಿಗೆ ಬಿದ್ದರೆ ಮೆಸೇಜಿಗೆ ಕಾಯಬೇಡಿ, ನಿಮ್ಮ ಭಾಗದ ಕಾಡು ಕಾಯುವ ಬೀಟ್ ಗಾರ್ಡಿಗೆ ಫೋನ್ ಮಾಡಿ, ಅವರು ಸಿಗದಿದ್ದರೆ ಅರಣ್ಯ ಸಹಾಯವಾಣಿ 1926ಕ್ಕೆ. ಬೆಟ್ಟದ ಯಾವ ಮಗ್ಗುಲು, ಗಾಳಿ ಯಾವ ಕಡೆಗೆ, ಜೀಪು ಎಲ್ಲಿಯವರೆಗೆ ಬರುತ್ತದೆ ಅನ್ನುವುದನ್ನು ಮೊದಲು ಹೇಳಿ.