ಆನ್‌ಲೈನ್ ವಂಚನೆಗೆ ದೂರು ಕೊಟ್ಟರೆ ಸರ್ಕಾರ ನಿಜವಾಗಿ ಏನಾದರೂ ಮಾಡುತ್ತಾ? ಕಳ್ಳರು ಸಿಗ್ತಾರಾ?

ನಿನ್ನೆ ಸಂಜೆ ದುಡ್ಡು ಹೋಗಿದೆ, ಕಳ್ಳರು ಸಿಗೋದೇ ಇಲ್ಲ ಅಂದ್ಮೇಲೆ ದೂರು ಯಾಕೆ ಅಂತ ಕೇಳಿದ್ದೀರಿ. ಮೊದಲು ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ. ಆಮೇಲೆ ಬಂದು ಇದನ್ನ ಓದಿ.

ನನ್ನದು ಕರೆಂಟ್ ಬಿಲ್ ಕತೆ. ಶನಿವಾರ ಸಂಜೆ ಒಂದು ಮೆಸೇಜ್: ‘ಹೋದ ತಿಂಗಳ ಬಿಲ್ ಅಪ್‌ಡೇಟ್ ಆಗಿಲ್ಲ, ರಾತ್ರಿ 9.30ಕ್ಕೆ ಸಂಪರ್ಕ ಕಡಿತ.’ ಬಿಲ್ ಕಟ್ಟಿ ವಾರವಾಗಿತ್ತು. ಆದರೂ ಅದರಲ್ಲಿದ್ದ ನಂಬರಿಗೆ ಫೋನ್ ಮಾಡಿದೆ. ಆಸಾಮಿ ವಾಟ್ಸ್‌ಆ್ಯಪ್‌ನಲ್ಲಿ ಎಪಿಕೆ ಫೈಲ್ (ಒತ್ತಿದರೆ ಫೋನಿಗೆ ಆ್ಯಪ್ ಬಂದು ಕೂರೋ ಫೈಲ್) ಕಳಿಸಿ, ‘ಹತ್ತು ರೂಪಾಯಿ ಕಟ್ಟಿ ಸರ್, ಸರಿಹೋಗುತ್ತೆ’ ಅಂದ. ಕಟ್ಟಿದೆ. ಐದೇ ನಿಮಿಷದಲ್ಲಿ 48,000 ರೂಪಾಯಿ ಖಾಲಿ.

ಮನೆಯವರೆಲ್ಲ ಇದನ್ನೇ ನನ್ನ ತಪ್ಪು ಅಂತಾರೆ. ಅಲ್ಲ. ನನ್ನ ತಪ್ಪು ಶುರುವಾಗಿದ್ದು ಅದರ ನಂತರ. ಆ್ಯಪ್ ಅಳಿಸಿದೆ, ಮುಖ ತೊಳೆದುಕೊಂಡೆ, ಊಟಕ್ಕೆ ಕೂತೆ. ಹೆಂಡತಿಗೂ ಹೇಳಲಿಲ್ಲ. ನಾಳೆ ಭಾನುವಾರ, ಬ್ಯಾಂಕ್ ಇರಲ್ಲ, ಸೋಮವಾರ ಮ್ಯಾನೇಜರನ್ನೇ ನೋಡಿದರಾಯ್ತು ಅಂದುಕೊಂಡೆ. ಬ್ಯಾಂಕ್ ರಜಾ ಅನ್ನೋದು ನೆಪ. ಅಸಲಿ ಕಾರಣ ನಾಚಿಕೆ. ಆಫೀಸಲ್ಲಿ ಹತ್ತು ಜನಕ್ಕೆ ಓಟಿಪಿ ಬಗ್ಗೆ ಬುದ್ಧಿ ಹೇಳ್ತಿದ್ದವನು ನಾನು. ಅಳಿಸಿದ ಆ್ಯಪ್ ಜೊತೆ ಇನ್ನೊಂದು ಬಂದು ಕೂತು, ನನ್ನ ಮೆಸೇಜುಗಳನ್ನೆಲ್ಲ ಅವರಿಗೆ ದಾಟಿಸ್ತಾ ಇತ್ತು. ಭಾನುವಾರ ಬೆಳಿಗ್ಗೆ, ನಾನು ಹಲ್ಲುಜ್ಜುವಾಗ, ಇನ್ನೂ 36,000 ಹೋಯ್ತು. ಆಗಲೂ ಸೋಮವಾರಕ್ಕೆ ಕಾದೆ!

ಸೋಮವಾರ ಸಿಇಎನ್ ಠಾಣೆಯಲ್ಲಿ (ಸೈಬರ್ ಅಪರಾಧ ನೋಡಿಕೊಳ್ಳೋ ಪೊಲೀಸ್ ಠಾಣೆ) ಪೇದೆ ಕೇಳಿದ್ದು ಒಂದೇ.
‘ದುಡ್ಡು ಹೋಗಿದ್ದು ಯಾವಾಗ ಸರ್?’
‘ಶನಿವಾರ ರಾತ್ರಿ.’
ಆತ ಗೋಡೆ ಮೇಲಿನ ಕ್ಯಾಲೆಂಡರ್ ನೋಡಿದ, ಆಮೇಲೆ ನನ್ನ ಮುಖ ನೋಡಿದ. ಬೈದಿದ್ದರೆ ವಾಸಿಯಿತ್ತು.

ಕಳ್ಳ ಸಿಗ್ತಾನಾ ಅನ್ನೋ ನಿಮ್ಮ ಪ್ರಶ್ನೆಯೇ ಸರಿ ಇಲ್ಲ ಅನ್ನೋದು ಇದಕ್ಕೇ. ಕಳ್ಳನನ್ನು ಹಿಡಿಯೋದು ಬೇರೆ, ದುಡ್ಡು ತಡೆಯೋದು ಬೇರೆ. ಕೇಂದ್ರ ಗೃಹ ಸಚಿವಾಲಯದ ಕೆಳಗಿರುವ ಐ4ಸಿ (ಭಾರತೀಯ ಸೈಬರ್ ಅಪರಾಧ ಸಮನ್ವಯ ಕೇಂದ್ರ) 2021ರಲ್ಲಿ ಶುರು ಮಾಡಿದ ವ್ಯವಸ್ಥೆ ಇರೋದು ಎರಡನೆಯದಕ್ಕೆ. ನೀವು ದೂರು ಕೊಟ್ಟ ಕೂಡಲೇ ಮಾಹಿತಿ ಬ್ಯಾಂಕಿಗೆ ಹೋಗುತ್ತೆ. ದುಡ್ಡು ಕಳ್ಳರು ಬಾಡಿಗೆಗೆ ಹಿಡಿದ ಯಾರದೋ ಖಾತೆಯಲ್ಲಿ ಇನ್ನೂ ಇದ್ದರೆ ಅಲ್ಲೇ ತಡೆಹಿಡೀತಾರೆ. ಮುಂದಿನ ಬ್ಯಾಂಕಿಗೆ ದಾಟಿದ್ದರೆ ಮಾಹಿತಿಯೂ ಅದರ ಹಿಂದೆ ಹೋಗುತ್ತೆ. ಎಟಿಎಮ್‌ನಲ್ಲಿ ನಗದಾಗಿ ಹೊರಬಿತ್ತೋ, ಮುಗೀತು. ನನ್ನ 84,000ದಲ್ಲಿ ಸಿಕ್ಕಿಬಿದ್ದಿದ್ದು 6,200. ಅದೂ ಕೋರ್ಟ್ ಆದೇಶ ಆಗಿ ಕೈಗೆ ಬರೋಕೆ ಏಳು ತಿಂಗಳು.

ಇನ್ನೊಂದು ಹೊಟ್ಟೆ ಉರಿಯೋ ವಿಷಯ. ರಿಸರ್ವ್ ಬ್ಯಾಂಕಿನ 2017ರ ಸುತ್ತೋಲೆ ಪ್ರಕಾರ, ನಮ್ಮ ಅಜಾಗರೂಕತೆಯಿಂದ ಹೋದ ಹಣ ಬ್ಯಾಂಕಿಗೆ ತಿಳಿಸುವವರೆಗೆ ನಮ್ಮ ನಷ್ಟ, ತಿಳಿಸಿದ ಮೇಲೆ ಹೋದದ್ದು ಬ್ಯಾಂಕಿನ ನಷ್ಟ. ಅಂದರೆ ಶನಿವಾರ ರಾತ್ರಿ ಬ್ಯಾಂಕಿನ ಹೆಲ್ಪ್‌ಲೈನಿಗೆ ಒಂದು ಫೋನ್ ಮಾಡಿದ್ದರೆ ಭಾನುವಾರದ 36,000 ನನ್ನ ತಲೆಗೆ ಬರ್ತಿರಲಿಲ್ಲ.

ವಕೀಲರನ್ನ ಹಿಡಿಯಲಾ, ‘ರಿಕವರಿ ಏಜೆಂಟ್’ ಹತ್ರ ಹೋಗಲಾ ಅಂತಲೂ ಕೇಳಿದ್ದೀರಿ. ವಕೀಲರು ಆಮೇಲೆ ಬೇಕಾಗಬಹುದು. ಮುಂಗಡ ಕೇಳುವ ಏಜೆಂಟ್ ಅಂದರೆ ಎರಡನೇ ಕಳ್ಳ.

ಬ್ಯಾಂಕ್ ಮೆಸೇಜಿನಲ್ಲಿರುವ ಯುಟಿಆರ್ ನಂಬರ್ (ಆ ವಹಿವಾಟಿನ ಗುರುತಿನ ಸಂಖ್ಯೆ) ಬರೆದಿಟ್ಟುಕೊಳ್ಳಿ, 1930ರವರು ಕೇಳ್ತಾರೆ. ಲೈನ್ ಬಿಜಿ ಬಂದರೆ ಸರ್ಕಾರದ ಸೈಬರ್ ಕ್ರೈಮ್ ಪೋರ್ಟಲ್‌ನಲ್ಲೇ (cybercrime.gov.in) ದೂರು ಹಾಕಿ. ಹೆಂಡತಿಗೆ ಆಮೇಲೆ ಹೇಳಿದರೂ ನಡೆಯುತ್ತೆ.