ಜರ್ಮನಿ ವೀಸಾಕ್ಕೆ ಸಭೆಯ (ಚರ್ಚಿನ) ಹಣವನ್ನು ನನ್ನ ಖಾತೆಯಲ್ಲಿ ತೋರಿಸಬಹುದೇ?

ಬೇಡವೇ ಬೇಡ. ಬಾಗಲಕೋಟೆಯ ನಿಮ್ಮ ಯುವಕರ ತಂಡ ಎರಡು ವಾರ ಜರ್ಮನಿಯ ಪಾರ್ಟ್ನರ್ ಚರ್ಚಿಗೆ ಹೊರಟಿದೆ, ಖಾತೆಯಲ್ಲಿ ಹಣ ಕಡಿಮೆ, ಸಭೆಯ ಖಜಾಂಚಿ ಸದ್ಯಕ್ಕೆ ಹಾಕಿಕೊಡುತ್ತೇನೆ ಅಂದಿದ್ದಾರೆ. ನನಗೂ ಥೇಟ್ ಹೀಗೇ ಆಗಿತ್ತು.

ನಾನು ಗುಳೇದಗುಡ್ಡದವನು, ಖಾಸಗಿ ಶಾಲೆಯಲ್ಲಿ ಮಾಸ್ತರ. ನಾವು ಹೊರಟಿದ್ದು ಸ್ಟುಟ್‌ಗಾರ್ಟ್ ಹತ್ತಿರದ ಒಂದು ಸಭೆಗೆ. ಆ ಸೀಮೆಗೂ ನಮಗೂ ಹಳೇ ನಂಟು. ಬಾಸೆಲ್ ಮಿಷನ್‌ನವರು 1837ರಲ್ಲಿ ಧಾರವಾಡಕ್ಕೆ ಬಂದರು, 1851ರಲ್ಲಿ ನಮ್ಮೂರಿಗೆ. ಮಿಷನ್ನಿನ ಮನೆ ಸ್ವಿಟ್ಜರ್ಲೆಂಡಿನಲ್ಲಿದ್ದರೂ ಬಂದವರಲ್ಲಿ ಬಹಳ ಜನ ಸ್ಟುಟ್‌ಗಾರ್ಟ್ ಸುತ್ತಲಿನವರೇ. ಹಾಗಾಗಿ ಊರಿಗೆಲ್ಲ ಹುಮ್ಮಸ್ಸು. ತಂಡದ ಖರ್ಚಿಗಾಗಿ ಸಭೆಯ ಸುಗ್ಗಿ ಹಬ್ಬದ ಹರಾಜಿನಲ್ಲಿ ಒಂದು ಕುಂಬಳಕಾಯಿಗೆ ಕೂಗಾಡಿ ಬೆಲೆ ಏರಿಸಿದರು.

ಆ ಹಣ ಖಜಾಂಚಿ ಕಾಕಾ ಹತ್ತಿರ ಇತ್ತು. "ಮಾಸ್ತರ, ಬ್ಯಾಂಕಿನಾಗ ರೊಕ್ಕ ಕಂಡ್ರ ವೀಸಾ ಲಗೂನ ಸಿಗತೈತಿ" ಅಂದರು. ನಾನೂ ಹೂಂ ಅಂದೆ.

ಇಲ್ಲೇ ಕೆಟ್ಟಿದ್ದು. ವೀಸಾಕ್ಕೆ ಮೂರು ತಿಂಗಳ ಬ್ಯಾಂಕ್ ಸ್ಟೇಟ್‌ಮೆಂಟ್ ಕೊಡಬೇಕು. ನನ್ನದರಲ್ಲಿ ತಿಂಗಳ ಮೊದಲ ವಾರ ಸಂಬಳ ಬರುತ್ತದೆ, ಬಾಡಿಗೆ, ಚೀಟಿ, ಕಿರಾಣಿ ಅಂತ ಹೋಗಿಬಿಡುತ್ತದೆ. ಕೊನೇ ಪುಟದಲ್ಲಿ ಮಾತ್ರ ಇಡೀ ತಂಡದ ಖರ್ಚು ಒಂದೇ ಸಲ ಬಂದು ಕೂತಿದೆ! ನೋಡುವವರಿಗೆ ನಮ್ಮ ಸುಗ್ಗಿ ಹಬ್ಬ ಗೊತ್ತಾ? ಸಾಲ ತಂದು ತೋರಿಸಿದ್ದಾನೆ ಅಂತಲೇ ಅನ್ನಿಸುತ್ತದೆ. ಈ ಹಣ ಎಲ್ಲಿಂದ ಬಂತು ಅಂತ ಸಭೆಯ ಲೆಟರ್‌ಹೆಡ್‌ನಲ್ಲಿ ನಾಲ್ಕು ಸಾಲು ಬರೆಸಿದ್ದರೂ ಒಂದು ಮಾತಿತ್ತು, ಅದನ್ನೂ ಇಟ್ಟಿರಲಿಲ್ಲ. ಮೇಲಾಗಿ ಖರ್ಚು ಯಾರದು ಅನ್ನೋ ಪ್ರಶ್ನೆಗೆ ಫಾರ್ಮಿನಲ್ಲಿ 'ನನ್ನದೇ' ಅಂತ ಗುರುತು ಹಾಕಿದ್ದೆ. ಆಮಂತ್ರಣ ಪತ್ರದಲ್ಲಿ ನೋಡಿದರೆ ಊಟ, ವಸತಿ ಜರ್ಮನಿಯ ಸಭೆಯವರದು! ಖಾತೆಯ ಹಣ ಸಭೆಯದು. ಒಂದೇ ಫೈಲಿನಲ್ಲಿ ಮೂರು ಕಾಗದ, ಮೂರು ಮಾತು.

ವೀಸಾ ಸಿಗಲಿಲ್ಲ. ಖರ್ಚಿಗೆ ತಕ್ಕ ಹಣದ ಪುರಾವೆ ಇಲ್ಲ, ವಾಪಸ್ ಹೋಗುತ್ತಾನೆ ಅನ್ನೋ ಭರವಸೆ ಇಲ್ಲ, ನಿರಾಕರಣೆ ಪತ್ರದಲ್ಲಿ ಎರಡಕ್ಕೂ ಟಿಕ್. ಕಟ್ಟಿದ ಶುಲ್ಕ ಹೋಯಿತು (ಈಗ ದೊಡ್ಡವರಿಗೆ 90 ಯೂರೋ), ವಿಮಾನದ ಟಿಕೆಟ್ಟಿನ ಹಣವೂ ಮುಕ್ಕಾಲು ಪಾಲು ಹೋಯಿತು. ನಿರಾಕರಣೆ ಅವರ ಕಂಪ್ಯೂಟರಿನಲ್ಲಿ ಉಳಿಯುತ್ತದೆ, ಮುಂದೆ ಅರ್ಜಿ ಹಾಕಿದರೂ ಕಾಣುತ್ತದೆ. ತಬಲಾ ಬಾರಿಸುವ ನಾನಿಲ್ಲದೆಯೇ ತಂಡ ಹೋಯಿತು.

ಮರುವರ್ಷ ನನ್ನ ಬಡ ಸ್ಟೇಟ್‌ಮೆಂಟನ್ನು ಇದ್ದ ಹಾಗೇ ಕೊಟ್ಟೆ. ಜರ್ಮನಿಯ ಸಭೆಯವರೊಬ್ಬರು ತಮ್ಮ ಊರಿನ ವಿದೇಶಿಯರ ಕಚೇರಿಗೆ ಹೋಗಿ, ಇವರ ಖರ್ಚು ನನ್ನದು ಅಂತ ಸಹಿ ಮಾಡಿ ಪತ್ರ ಕಳಿಸಿದರು. ಫರ್‌ಫ್ಲಿಷ್ಟುಂಗ್ಸ್‌ಎರ್‌ಕ್ಲೇರುಂಗ್ ಅಂತಾರೆ. ಅದರ ಮೂಲ ಪ್ರತಿಯೇ ಬೇಕು. ಜೊತೆಗೆ ಇಂಥ ದಿನ ಕೆಲಸಕ್ಕೆ ಹಾಜರಾಗುತ್ತಾರೆ ಅಂತ ಶಾಲೆಯ ರಜೆ ಪತ್ರ, 30,000 ಯೂರೋ ಪ್ರಯಾಣದ ವೈದ್ಯಕೀಯ ವಿಮೆ. ಕೆಲಸ ಆಯಿತು.

ಇನ್ನು, ಅಲ್ಲಿ ಯಾವ ಸೇವಾ ಕಾರ್ಯಕ್ರಮ ಕೊಡಬೇಕು ಅಂತ ಕೇಳಿದ್ದೀರಿ. ನನ್ನ ಕೇಳಿದರೆ ಯಾವುದೂ ಬೇಡ. ಎರಡು ವಾರದಲ್ಲಿ ಯಾರ ಸೇವೆ ಮಾಡುತ್ತೀರಿ? ನೀವು ನೆಂಟರು. ನಾವು ನಾಟಕ ಕಲಿತು ಹೋಗಿದ್ದೆವು, ನೋಡಿದವರು ಚಪ್ಪಾಳೆ ತಟ್ಟಿದರು, ಅಷ್ಟೇ. ದೊಡ್ಡ ಕಲ್ಲಿನ ಚರ್ಚಿನಲ್ಲಿ ಭಾನುವಾರ ಕೂತವರಲ್ಲಿ ಹೆಚ್ಚಿನವರು ವಯಸ್ಸಾದವರು. ರಾತ್ರಿ ತಣ್ಣನೆ ಬ್ರೆಡ್ಡು, ಚೀಸು ತಿನ್ನುತ್ತಾ ಒಬ್ಬ ಅಜ್ಜಿ, ನಿಮ್ಮೂರಲ್ಲಿ ನೇಕಾರರಿಗೆ ದಿನಕ್ಕೆ ಎಷ್ಟು ಕೂಲಿ ಅಂತ ಕೇಳಿದರು. ಖಣ ನೇಯುವ ಊರಿನವನಾಗಿ ನನಗೇ ಗೊತ್ತಿರಲಿಲ್ಲ! ನಾಟಕ ಬಿಡಿ, ಇಂಥವನ್ನು ತಿಳಿದುಕೊಂಡು ಹೋಗಿ. ಶೇಂಗಾ ಚಟ್ನಿಪುಡಿ ಒಯ್ಯಿರಿ. ಮಾಂಸ, ಹಾಲು ಒಯ್ಯಬೇಡಿ, ಅಲ್ಲಿ ಬಿಡುವುದಿಲ್ಲ.

ಖಜಾಂಚಿಯವರಿಗೆ ಇವತ್ತೇ ಬೇಡ ಅಂತ ಹೇಳಿ, ಖರ್ಚು ಹೊರುವ ಆ ಪತ್ರಕ್ಕಾಗಿ ಜರ್ಮನಿಗೆ ಇಮೇಲ್ ಹಾಕಿ. ಸಹಿ ಮಾಡುವವರು ಆ ಕಚೇರಿಯಲ್ಲಿ ಮೊದಲು ಅಪಾಯಿಂಟ್‌ಮೆಂಟ್ ತೆಗೆದುಕೊಳ್ಳಬೇಕು. ನಮ್ಮವರಿಗೆ ಅದಕ್ಕೇ ವಾರಗಟ್ಟಲೆ ಹಿಡಿದಿತ್ತು.