ನೆಪಿಯನ್ ಯಾರ ಕೋಟೆ?

ತುಮಕೂರಿನ ಓದುಗರೊಬ್ಬರು ಬರೆದಿದ್ದಾರೆ: "ಕೆನಡಾ ಸಂಸತ್ತಿನಲ್ಲಿ ಕನ್ನಡ ಮಾತಾಡಿದ ಚಂದ್ರ ಆರ್ಯ ಅವರ ಬಗ್ಗೆ ಬರೆಯುವಾಗ, ಅವರ ನೆಪಿಯನ್ ಕ್ಷೇತ್ರವನ್ನು ಲಿಬರಲ್ ಪಕ್ಷದ ಭದ್ರಕೋಟೆ ಅಂದಿದ್ದೀರಿ. ಒಟ್ಟಾವಾದಲ್ಲಿರುವ ನನ್ನ ಮಗ, ಅಲ್ಲಿ ಹತ್ತು ವರ್ಷ ಕನ್ಸರ್ವೇಟಿವ್ ಪಕ್ಷದವರೇ ಗೆದ್ದಿದ್ದರು ಅನ್ನುತ್ತಾನೆ. ಯಾವುದು ಸರಿ? ಮೂರು ಸಲ ಗೆದ್ದವರಿಗೆ ಟಿಕೆಟ್ ತಪ್ಪಿದ್ದು ಹೇಗೆ?"

ನಿಮ್ಮ ಮಗ ಹೇಳಿದ್ದೇ ಸರಿ. ಚುನಾವಣೆ ಸುದ್ದಿ ಬರೆಯುವವರ ಪೆನ್ನಿಗೆ 'ಭದ್ರಕೋಟೆ' ಅಂಟಿಕೊಂಡುಬಿಟ್ಟಿದೆ. ಮೂರು ಸಲ ಒಂದೇ ಪಕ್ಷ ಗೆದ್ದರೆ ಸಾಕು, ಕೋಟೆ ಎದ್ದುಬಿಡುತ್ತದೆ. ತಪ್ಪು ನಮ್ಮದು.

ನೆಪಿಯನ್ ಮೊದಲು ಒಟ್ಟಾವಾದ ಪಕ್ಕದ ಬೇರೆ ಊರು. 2001ರಲ್ಲಿ ಒಟ್ಟಾವಾಕ್ಕೆ ಸೇರಿತು. ಈಗಿನ ಕ್ಷೇತ್ರದಲ್ಲಿ ಜನ ಜಾಸ್ತಿ ಇರೋದು ಬಾರ್‌ಹೇವನ್ ಬಡಾವಣೆಯಲ್ಲಿ. ಅದರ ಕಥೆ ಚೆನ್ನಾಗಿದೆ. 1960ರ ದಶಕದಲ್ಲಿ ಮೆಲ್ ಬಾರ್ ಅನ್ನುವವರು ಅಲ್ಲಿ 200 ಎಕರೆ ಹೊಲ ಕೊಂಡರು, ಕುದುರೆ ರೇಸ್ ಕೋರ್ಸ್ ಮಾಡೋಣ ಅಂತ. ಅಷ್ಟರಲ್ಲಿ ಹತ್ತಿರದಲ್ಲೇ ಬೇರೊಂದು ರೇಸ್ ಕೋರ್ಸ್ ಶುರುವಾಯಿತು. ಕುದುರೆ ಓಡಬೇಕಾದ ಜಾಗದಲ್ಲಿ ಮನೆಗಳು ಬಂದವು. ಅಂದಹಾಗೆ, ಕೆನಡಾದಲ್ಲಿ ಕ್ಷೇತ್ರವನ್ನು 'ರೈಡಿಂಗ್' ಅಂತಾರೆ. ಅದಕ್ಕೂ ಕುದುರೆಗೂ ಸಂಬಂಧವಿಲ್ಲ. ಇಂಗ್ಲೆಂಡಿನ ಯಾರ್ಕ್‌ಷೈರನ್ನು ಮೂರು ಪಾಲು ಮಾಡಿದ್ದಾಗ ಒಂದೊಂದು ಪಾಲಿಗೆ ಇದ್ದ ಹೆಸರು ಅದು.

ಕ್ಷೇತ್ರದ ಹೆಸರಂತೂ ಉಯ್ಯಾಲೆ ಆಡಿದೆ. 1979ರಲ್ಲಿ ನೆಪಿಯನ್–ಕಾರ್ಲ್‌ಟನ್. 1988ರಲ್ಲಿ ಬರೀ ನೆಪಿಯನ್. 1997ರಲ್ಲಿ ಮತ್ತೆ ನೆಪಿಯನ್–ಕಾರ್ಲ್‌ಟನ್. 2015ರಿಂದ ಪುನಃ ನೆಪಿಯನ್. ಹೆಸರಿನ ಜತೆ ಗಡಿಯೂ ಬದಲಾಗಿದೆ. ಅಲ್ಲಿ ಹತ್ತು ವರ್ಷಕ್ಕೊಮ್ಮೆ ಜನಗಣತಿ ಆದಮೇಲೆ ಕ್ಷೇತ್ರದ ಗೆರೆಗಳನ್ನು ಹೊಸದಾಗಿ ಎಳೆಯುತ್ತಾರೆ. ಸೀಟುಗಳೂ ಏರುತ್ತವೆ. 2015ರಲ್ಲಿ 338 ಇದ್ದದ್ದು 2025ಕ್ಕೆ 343 ಆಯಿತು.

ಗೆದ್ದವರ ಲೆಕ್ಕ ನೋಡಿ. 1979ರಲ್ಲಿ ಅಂದಿನ ಕನ್ಸರ್ವೇಟಿವ್ ಪಕ್ಷದ ವಾಲ್ಟರ್ ಬೇಕರ್. ಇವತ್ತಿಗೂ ಬಾರ್‌ಹೇವನ್‌ನ ಕ್ರೀಡಾ ಕೇಂದ್ರಕ್ಕೆ ಅವರದೇ ಹೆಸರು. 1988 ಮತ್ತು 1993ರಲ್ಲಿ ಲಿಬರಲ್ ಪಕ್ಷದ ಬೆರಿಲ್ ಗ್ಯಾಫ್ನಿ. 1997 ಮತ್ತು 2000ದಲ್ಲಿ ಅದೇ ಪಕ್ಷದ ಡೇವಿಡ್ ಪ್ರ್ಯಾಟ್. ಪ್ರ್ಯಾಟ್ ರಕ್ಷಣಾ ಮಂತ್ರಿಯೂ ಆದರು. ಆದರೆ 2004ರಲ್ಲಿ 25 ವರ್ಷದ ಒಬ್ಬ ಹುಡುಗನ ಎದುರು ಸೋತರು. ದೇಶದಲ್ಲಿ ಲಿಬರಲ್ ಸರ್ಕಾರವೇ ಉಳಿಯಿತು, ಅದರ ರಕ್ಷಣಾ ಮಂತ್ರಿ ಮಾತ್ರ ಉಳಿಯಲಿಲ್ಲ. ಗೆದ್ದ ಹುಡುಗ ಪಿಯರ್ ಪೊಲಿಯೆವ್, ಮುಂದೆ ಕನ್ಸರ್ವೇಟಿವ್ ಪಕ್ಷದ ನಾಯಕರಾದವರು. 2006, 2008, 2011ರಲ್ಲೂ ಅವರೇ. ನಿಮ್ಮ ಮಗ ಹೇಳಿದ ಹತ್ತು ವರ್ಷ ಇದೇ.

ಹಾಗಾದರೆ 2015ರಲ್ಲಿ ಜನ ಮನಸ್ಸು ಬದಲಾಯಿಸಿದರಾ? ಸ್ವಲ್ಪ ಹೌದು. ಒಟ್ಟಾವಾ ಸುತ್ತಮುತ್ತ ಕೇಂದ್ರ ಸರ್ಕಾರಿ ನೌಕರರು ಜಾಸ್ತಿ. ಆಗಿನ ಕನ್ಸರ್ವೇಟಿವ್ ಪ್ರಧಾನಿ ಸ್ಟೀಫನ್ ಹಾರ್ಪರ್ ಸರ್ಕಾರ ಹುದ್ದೆಗಳನ್ನು ಕಡಿತ ಮಾಡಿದ್ದು ಅವರಿಗೆ ನೋವಾಗಿತ್ತು. ಆದರೆ ಗೆರೆಯೂ ಸರಿದಿತ್ತು ಅಲ್ವಾ? ಹೊಲ–ಹಳ್ಳಿಗಳಿದ್ದ ಭಾಗ ಕಾರ್ಲ್‌ಟನ್ ಅನ್ನೋ ಬೇರೆ ಕ್ಷೇತ್ರಕ್ಕೆ ಹೋಯಿತು. ಪೊಲಿಯೆವ್ ಕೂಡ ಅದರ ಹಿಂದೆಯೇ ಹೋದರು. ಬಡಾವಣೆಗಳು ನೆಪಿಯನ್‌ಗೆ ಉಳಿದವು. ಅಲ್ಲಿ ಚಂದ್ರ ಆರ್ಯ ಅರ್ಧಕ್ಕಿಂತ ಹೆಚ್ಚು ಮತ ತೆಗೆದುಕೊಂಡರು. 2019 ಮತ್ತು 2021ರಲ್ಲಿ ಅದು ಶೇ. 45ರ ಆಸುಪಾಸಿಗೆ ಇಳಿಯಿತು. ಗೆದ್ದರು, ನಿಜ. ಶೇ. 45 ಮತದ ಕೋಟೆಗೆ ಬಾಗಿಲು ಸರಿಯಾಗಿ ಮುಚ್ಚೋದಿಲ್ಲ.

ನಿಮಗಿದು ದೂರದ ಮಾತಲ್ಲ. ಆರ್ಯ ಅವರ ಹುಟ್ಟೂರಿರುವ ಶಿರಾ ತಾಲ್ಲೂಕು ನಿಮ್ಮ ತುಮಕೂರು ಜಿಲ್ಲೆಯದೇ. ಲೋಕಸಭೆಗೆ ಮಾತ್ರ ಚಿತ್ರದುರ್ಗಕ್ಕೆ ಓಟು ಹಾಕುತ್ತದೆ. ಗೆರೆ ಎಳೆಯುವವರು ಜಿಲ್ಲೆ ಕೇಳೋದಿಲ್ಲ.

ಇನ್ನು ಟಿಕೆಟ್ ವಿಚಾರ. ಅಲ್ಲೂ ನಮ್ಮ ಬಿ ಫಾರಂ ಥರದ್ದೇ ಒಂದಿದೆ. ಪಕ್ಷದ ನಾಯಕರೋ ಅವರು ನೇಮಿಸಿದವರೋ ಒಪ್ಪಿಗೆ ಕೊಡದಿದ್ದರೆ ಮತಪತ್ರದಲ್ಲಿ ಅಭ್ಯರ್ಥಿಯ ಹೆಸರಿನ ಕೆಳಗೆ ಪಕ್ಷದ ಹೆಸರು ಬರೋದಿಲ್ಲ. 2025ರ ಜನವರಿಯಲ್ಲಿ ಆರ್ಯ ಪಕ್ಷದ ನಾಯಕತ್ವಕ್ಕೇ ಸ್ಪರ್ಧಿಸಲು ಹೊರಟರು. ಪಕ್ಷ ತಡೆಯಿತು. ಮಾರ್ಚ್‌ನಲ್ಲಿ ನೆಪಿಯನ್ ಟಿಕೆಟ್ಟನ್ನೂ ವಾಪಸ್ ತೆಗೆದುಕೊಂಡಿತು. ಆ ಜಾಗಕ್ಕೆ ಬಂದವರು ಹೊಸ ಪ್ರಧಾನಿ ಮಾರ್ಕ್ ಕಾರ್ನಿ. ಪ್ರಧಾನಿ ಆಗಿದ್ದರೂ ಅವರಿಗೆ ಸಂಸತ್ತಿನಲ್ಲಿ ಸೀಟೇ ಇರಲಿಲ್ಲ! ಏಪ್ರಿಲ್ 28ರಂದು ಅವರು ಶೇ. 60ಕ್ಕಿಂತ ಜಾಸ್ತಿ ಮತ ಪಡೆದು ಗೆದ್ದರು. ಅದೇ ದಿನ ಪಕ್ಕದ ಕಾರ್ಲ್‌ಟನ್‌ನಲ್ಲಿ ಪೊಲಿಯೆವ್ ಲಿಬರಲ್ ಪಕ್ಷದ ಬ್ರೂಸ್ ಫ್ಯಾಂಜಾಯ್ ಎದುರು ಸೋತರು. ನಾವೇನಾದರೂ ಕಾರ್ಲ್‌ಟನ್ ಬಗ್ಗೆ ಬರೆದಿದ್ದರೆ ಅದನ್ನೂ ಕೋಟೆ ಅಂತಲೇ ಬರೆಯುತ್ತಿದ್ದೆವೇನೋ.

ಅಲ್ಲಿ ಕಮಲ, ಕೈ ಥರದ ಚಿಹ್ನೆ ಇಲ್ಲ, ಮತಯಂತ್ರವೂ ಇಲ್ಲ. ಕಾಗದದ ಮೇಲೆ ಹೆಸರುಗಳು ಇರುತ್ತವೆ. ಬೇಕಾದವರ ಮುಂದೆ ಪೆನ್ಸಿಲ್‌ನಲ್ಲಿ ಗುರುತು ಹಾಕಿ ಮಡಚಿ ಕೊಡಬೇಕು. 2025ರಲ್ಲಿ ಕಾರ್ಲ್‌ಟನ್‌ನಲ್ಲಿ ಕಣದಲ್ಲಿದ್ದವರು 91 ಮಂದಿ. ಚುನಾವಣಾ ಪದ್ಧತಿ ಬದಲಾಗಲಿ ಅಂತ ಪ್ರತಿಭಟನೆಗೆ ನಿಂತವರೇ ಬಹಳ. ಮತಪತ್ರ ಹತ್ತಿರ ಹತ್ತಿರ ಒಂದು ಮೀಟರ್ ಉದ್ದ ಆಗಿತ್ತು. ನಿಮ್ಮ ಮಗನ ಮನೆ ಆ ಕಡೆ ಇದ್ದು, ಅಲ್ಲಿನ ಪೌರತ್ವವೂ ಸಿಕ್ಕಿದ್ದರೆ, ಅದನ್ನು ಎಷ್ಟು ಸಲ ಮಡಚಿದರು ಅಂತ ಕೇಳಿ ಬರೆಯಿರಿ. ಮುಂದಿನ ಸಂಚಿಕೆಯಲ್ಲಿ ಹಾಕುತ್ತೇವೆ.

— ಸಂಪಾದಕ